ಮಾಯಾಬೆಕೆ ಎಂದು ತಿದ್ದಿದ ಅರ್ಜಿ

ಈ ತಪ್ಪಿನ ಫಲ ಉಂಡವಳು ಕ್ಯೂಬಾ ದೇಶದ ಗ್ವೀನೆಸ್ ಎಂಬ ಊರಿನಲ್ಲಿ, ಅಜ್ಜಿಯ ಮನೆಯಲ್ಲಿದ್ದ ಹದಿನೇಳು ವರ್ಷದ ಹುಡುಗಿ. ತಪ್ಪು ಮಾಡಿದವರು ನಾನು, ಡಬ್ಲಿನ್ನಿನ ಒಂದು ವೀಸಾ ಕಚೇರಿ, ಮತ್ತು ಆ ಕಚೇರಿಯ ಪತ್ರಗಳ ಕೆಳಗೆ ಸಹಿ ಮಾಡಿ ಹೆಸರು ಬರೆಯದೆ ಬಿಟ್ಟವರು. ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ.

ಆಗ ನಾನು ಐರ್ಲೆಂಡಿನ ಮೇನೂತ್ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಹುಡುಗಿಯ ತಾಯಿ ನಮ್ಮ ಪಕ್ಕದ ಮನೆಯಲ್ಲಿದ್ದಳು. ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸುವ, ಊಟ ಮಾಡಿಸುವ ಕೆಲಸ ಅವಳದು. ಕೋವಿಡ್ ಮಹಾಮಾರಿ ಬಂದ ಆ ವಸಂತದಲ್ಲಿ ಒಂದು ಸಂಜೆ ನಮ್ಮ ಬೀದಿಯ ಜನರೆಲ್ಲ ಬಾಗಿಲಿಗೆ ಬಂದು ಇಂಥ ಕೆಲಸಗಾರರಿಗಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವಳು ಪಾಳಿ ಮುಗಿಸಿ ಅದೇ ಬೀದಿಯಲ್ಲಿ ನಡೆದು ಬರುತ್ತಿದ್ದಳು. ಏನು ಮಾಡಬೇಕೆಂದು ತೋಚದೆ, ತಾನೂ ನಾಲ್ಕು ಸಲ ಕೈ ತಟ್ಟಿ ಒಳಗೆ ಹೋದಳು.

ಚಪ್ಪಾಳೆ ಅವಳಿಗೆ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಮಗಳು. ಹದಿನೆಂಟು ತುಂಬುವ ಮೊದಲು ಅರ್ಜಿ ಹಾಕಿದರೆ ಮಗಳು ತಾಯಿಯ ಬಳಿಗೆ ಬರಬಹುದಿತ್ತು. ತುಂಬಿದ ಮೇಲೆ ಅವಳು ಕಾಗದದ ಲೆಕ್ಕದಲ್ಲಿ ಮಗಳೇ ಅಲ್ಲ, ಬೇರೊಬ್ಬ ವಯಸ್ಕಳು. ಇನ್ನು ಹತ್ತು ತಿಂಗಳಿತ್ತು.

ಎರಡೂ ಮನೆಗಳ ಹಿತ್ತಿಲ ನಡುವೆ ಒಂದು ಮೊಣಕಾಲೆತ್ತರದ ಗೋಡೆ. ಅಲ್ಲಿಯೇ ಅರ್ಜಿ ತುಂಬಿದೆವು. ಅವಳು ಕಾಗದಗಳನ್ನು ಅಡುಗೆಮನೆಯ ಟ್ರೇಯಲ್ಲಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಆಲೂಗಡ್ಡೆ ಇಟ್ಟು, ಎರಡು ಮೀಟರ್ ಹಿಂದೆ ಸರಿದು ನಿಲ್ಲುತ್ತಿದ್ದಳು. ನಾನು ಮುಂದೆ ಬಂದು ಬರೆದು, ಹಿಂದೆ ಸರಿಯುತ್ತಿದ್ದೆ. ನಮ್ಮಿಬ್ಬರದೂ ಎರವಲು ಇಂಗ್ಲಿಷ್. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಹುಟ್ಟಿದ ಪ್ರಾಂತ್ಯ ಯಾವುದು ಎಂಬ ಕಾಲಮ್ಮಿಗೆ ಬಂದಾಗ ಅವಳು ನಕ್ಕಳು. ಹಳೆಯ ಲಕೋಟೆಯ ಹಿಂಬದಿಯಲ್ಲಿ, ಮಲಗಿದ ಮೊಸಳೆಯಂಥ ತನ್ನ ದ್ವೀಪದ ಚಿತ್ರ ಬರೆದು ಅಡ್ಡಗೆರೆಗಳನ್ನು ಎಳೆದಳು.

"ನನ್ನ ಅಜ್ಜಿ ಹುಟ್ಟಿದಾಗ ಆರು ಪ್ರಾಂತ್ಯ. ನಾನು ಹುಟ್ಟಿದಾಗ ಹದಿನಾಲ್ಕು. ಈಗ ಹದಿನೈದು, ಜೊತೆಗೆ ಯಾವ ಪ್ರಾಂತ್ಯಕ್ಕೂ ಸೇರದ ಒಂದು ಸಣ್ಣ ದ್ವೀಪ. ಇಷ್ಟಾದರೂ ನಮ್ಮ ಮನೆಯವರು ಯಾರೂ ಬೀದಿ ಬದಲಾಯಿಸಿಲ್ಲ."

ವಿಷಯ ಸರಳವಾಗಿತ್ತು. ಹವಾನಾ ನಗರವೇ ಒಂದು ಪ್ರಾಂತ್ಯ; ಆಗ ಅದರ ಸುತ್ತಲಿನ ಹಳ್ಳಿ, ಪಟ್ಟಣಗಳದು ಇನ್ನೊಂದು ಪ್ರಾಂತ್ಯ. ಅದಕ್ಕೂ ಹವಾನಾ ಎಂದೇ ಹೆಸರು. 2011ರ ಮೊದಲ ದಿನದಿಂದ ಆ ಎರಡನೆಯದನ್ನು ಸೀಳಿ, ಪಶ್ಚಿಮದ ತುಂಡನ್ನು ಆರ್ತೆಮಿಸಾ, ಪೂರ್ವದ ತುಂಡನ್ನು ಮಾಯಾಬೆಕೆ ಎಂದು ಕರೆದರು. ಗ್ವೀನೆಸ್ ಮಾಯಾಬೆಕೆಗೆ ಸೇರಿತು. ಹುಡುಗಿ ಹುಟ್ಟಿದ್ದು ಅದಕ್ಕೂ ಮೊದಲು. ಅವಳ ಜನನ ಪ್ರಮಾಣಪತ್ರದಲ್ಲಿ ಹವಾನಾ ಎಂದಿತ್ತು. ತಾಯಿ ಪೆನ್ಸಿಲಿನಲ್ಲಿ ಹವಾನಾ ಎಂದೇ ಬರೆದಿದ್ದಳು.

ನಾನು ಅದನ್ನು ಅಳಿಸಿ ಶಾಯಿಯಲ್ಲಿ ಮಾಯಾಬೆಕೆ ಎಂದು ಬರೆದೆ.

ಯಾಕೆ ಬರೆದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ನಾನು ಯಳಂದೂರಿನವಳು. ನಾನು ಹುಟ್ಟಿದಾಗ ನಮ್ಮದು ಮೈಸೂರು ಜಿಲ್ಲೆ. ಆಮೇಲೆ ಚಾಮರಾಜನಗರ ಜಿಲ್ಲೆಯಾಯಿತು. ಅಪ್ಪ ಅಭ್ಯಾಸಬಲದಿಂದ ನನ್ನ ಅರ್ಜಿಯೊಂದರಲ್ಲಿ ಮೈಸೂರು ಎಂದು ಬರೆದಾಗ ತಾಲ್ಲೂಕು ಕಚೇರಿಯ ಗುಮಾಸ್ತರು ಅದನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿ, ಯಾವ ಜಿಲ್ಲೇಲಿ ಬದುಕ್ತಿದೀರಿ ಅನ್ನೋದೂ ಗೊತ್ತಿಲ್ವಾ ಎಂದು ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಹೇಳಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕಾನೂನು: ಹೊಸ ಹೆಸರನ್ನೇ ಬರೆಯಬೇಕು. ನಾನು ಓದಿದ ಶಾಲೆಯಲ್ಲಿ ಪರೀಕ್ಷೆ ಇರಲಿಲ್ಲ, ಬೆತ್ತವೂ ಇರಲಿಲ್ಲ. ತಪ್ಪು ಕಂಡಲ್ಲಿ ಸುಮ್ಮನಿರಬಾರದು ಎಂಬ ಪಾಠ ಮಾತ್ರ ದಿನವೂ ಇತ್ತು. ಪ್ರಮಾಣಪತ್ರದಲ್ಲಿ ಬೇರೆ ಇದೆಯಲ್ಲ ಎಂದು ಅವಳು ಅನುಮಾನಿಸಿದಾಗ, ಯಾವುದು ಇಂದಿನ ಸತ್ಯವೋ ಅದನ್ನೇ ಬರೆಯಬೇಕು ಎಂದು ನಾನು ಗೋಡೆಯ ಈಚೆಯಿಂದ ಉಪದೇಶ ಮಾಡಿದೆ. ಅವಳು ನನ್ನನ್ನು ನಂಬಿದಳು.

ಏಳು ವಾರಗಳ ನಂತರ ಇಡೀ ಕಟ್ಟು ವಾಪಸ್ ಬಂತು. ಅರ್ಜಿಯಲ್ಲಿನ ಜನ್ಮಸ್ಥಳ ಪ್ರಮಾಣಪತ್ರಕ್ಕೆ ಹೊಂದುವುದಿಲ್ಲ ಎಂಬ ಒಂದೇ ಸಾಲು.

ನನ್ನ ಗಂಡನ ಕಂಪನಿ ಡಬ್ಲಿನ್ನಿನ ಹೊರವಲಯದ ಸಿಟಿವೆಸ್ಟಿನಲ್ಲಿತ್ತು. ಆಗ ಅವನು ನಮ್ಮ ಊಟದ ಮೇಜಿನಿಂದಲೇ ಕೆಲಸ ಮಾಡುತ್ತಿದ್ದ. ಪತ್ರ ಓದಿ ಹೆಡ್‌ಫೋನ್ ಕೆಳಗಿಟ್ಟ.

"ನೀನ್ಯಾಕೆ ಸರಿ ಮಾಡಕ್ಕೆ ಹೋದೆ? ಪೇಪರಲ್ಲಿ ಏನಿದ್ಯೋ ಅದನ್ನ ಹಾಗೇ ಇಳಿಸ್ಬೇಕಿತ್ತು."

"ಆ ಪ್ರಾಂತ್ಯನೇ ಈಗ ಇಲ್ಲ ಕಣೋ."

"ಇಲ್ದಿದ್ರೂ ಪೇಪರಲ್ಲಿ ಇದ್ಯಲ್ಲ. ಅಲ್ಲಿ ಕೂತಿರೋನು ಎರಡು ಪದ ಪಕ್ಕಪಕ್ಕ ಇಟ್ಟು ನೋಡ್ತಾನೆ, ಅಷ್ಟೆ. ಅವನಿಗೆ ಕ್ಯೂಬಾನೂ ಒಂದೇ, ಕೊಳ್ಳೇಗಾಲಾನೂ ಒಂದೇ. ನಿಮ್ಮ ಸ್ಕೂಲಲ್ಲಿ ಪ್ರಪಂಚ ತಿದ್ದೋದು ಹೇಳ್ಕೊಟ್ರು, ಒಂದು ಫಾರಂ ತುಂಬೋದು ಹೇಳ್ಕೊಡ್ಲಿಲ್ಲ."

ಆ ದಿನ ಅವನೊಂದಿಗೆ ಮಾತು ಬಿಟ್ಟೆ. ಅವನು ಹೇಳಿದ್ದು ಸರಿಯಾಗಿತ್ತು ಎನ್ನುವುದೇ ಕಾರಣ.

ಎರಡನೆಯ ಸಲ ಹವಾನಾ ಎಂದು ಬರೆದು, ಪ್ರಾಂತ್ಯ ಒಡೆದ ಕಥೆಯನ್ನು ಪ್ರತ್ಯೇಕ ಹಾಳೆಯಲ್ಲಿ ವಿವರಿಸಿ ಕಳಿಸಿದೆವು. ಅದೂ ವಾಪಸ್ ಬಂತು. ಈಗ ಆಕ್ಷೇಪಣೆ ಬೇರೆ: ಹಿಂದಿನ ಅರ್ಜಿಯಲ್ಲಿ ಮಾಯಾಬೆಕೆ ಎಂದು ಬರೆದು ಈಗ ಹವಾನಾ ಎಂದಿದ್ದೀರಿ, ಈ ಬದಲಾವಣೆಗೆ ಕ್ಯೂಬಾ ಸರ್ಕಾರದ ಮುದ್ರೆಯಿರುವ ಮೂಲಪತ್ರ ಬೇಕು. ನಕಲು ನಡೆಯುವುದಿಲ್ಲ. ಹವಾನಾದ ವಿಮಾನ ನಿಲ್ದಾಣ ಮುಚ್ಚಿತ್ತು, ಅಂಚೆ ನಿಂತಿತ್ತು. ನಮಗೆ ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗಬಾರದೆಂಬ ನಿರ್ಬಂಧ ಹಾಕಿದ್ದ ದೇಶವೇ ಅಟ್ಲಾಂಟಿಕ್ಕಿನ ಆಚೆಯಿಂದ ಒಂದು ಕಾಗದವನ್ನು ತರಿಸಿಕೊಡಿ ಎಂದಿತು.

ಕಚೇರಿಗೆ ಫೋನು ಮಾಡುವುದನ್ನು ನಾನು ದಿನಚರಿಯಾಗಿಸಿಕೊಂಡೆ. ಪ್ರತಿದಿನ ರೆಕಾರ್ಡ್ ಮಾಡಿಟ್ಟ ಅದೇ ದನಿ ಸಾಂಕ್ರಾಮಿಕದ ಕಾರಣ ವಿಳಂಬವಾಗುತ್ತಿದೆ ಎಂದು ವಿಷಾದಿಸುತ್ತಿತ್ತು. ಒಮ್ಮೆ ಮಾತ್ರ ಜೀವಂತ ಹೆಂಗಸೊಬ್ಬಳು ಸಿಕ್ಕಳು. ತಾನು ಭೂಪಟ ತೆಗೆದು ನೋಡಿದ್ದಾಗಿಯೂ, ಗ್ವೀನೆಸ್ ಹವಾನಾದಲ್ಲಿ ಇಲ್ಲವೆಂದೂ ಸೌಜನ್ಯದಿಂದಲೇ ಹೇಳಿದಳು. ಅದನ್ನೇ ನಾವು ಮೊದಲ ಅರ್ಜಿಯಲ್ಲಿ ಹೇಳಿದ್ದೆವು ಎಂದೆ. ಕಡತದಲ್ಲಿ ಟಿಪ್ಪಣಿ ಸೇರಿಸುವ ಅಧಿಕಾರ ತನಗಿಲ್ಲ ಎಂದಳು. ಕೊನೆಗೆ, ಯೋಚಿಸಬೇಡಿ, ಎಲ್ಲ ಗ್ರ್ಯಾಂಡ್ ಆಗತ್ತೆ ಎಂದು ಫೋನು ಇಟ್ಟುಬಿಟ್ಟಳು. ಇಲ್ಲಿ ಚಹಾ ಚೆನ್ನಾಗಿದ್ದರೂ ಗ್ರ್ಯಾಂಡ್, ಕಾಲು ಮುರಿದರೂ ಗ್ರ್ಯಾಂಡ್. ಆ ಪದವನ್ನು ನಾನು ಅಂದಿನಿಂದ ಬಾಯಿಗೆ ತಂದಿಲ್ಲ.

ಆ ರಾತ್ರಿಯ ಅಡುಗೆ ಬಿಟ್ಟು ಕಚೇರಿಗೆ ಪತ್ರ ಬರೆದೆ. ನಿಮ್ಮ ಡಬ್ಲಿನ್ ಕೌಂಟಿಯನ್ನೇ 1994ರಲ್ಲಿ ಮೂರು ಕೌಂಟಿಗಳಾಗಿ ಒಡೆದಿದ್ದೀರಿ. ಸಿಟಿವೆಸ್ಟ್ ಇರುವುದು ಅವುಗಳಲ್ಲಿ ಒಂದರಲ್ಲಿ. ಆದರೂ ಜನ ಇಂದಿಗೂ ವಿಳಾಸದಲ್ಲಿ ಕೌಂಟಿ ಡಬ್ಲಿನ್ ಎಂದೇ ಬರೆಯುತ್ತಾರೆ, ಯಾವ ಅಂಚೆಯವನೂ ಕಾಗದ ಹಿಂದಿರುಗಿಸುವುದಿಲ್ಲ. ನಿಮಗೆ ಸಲ್ಲುವ ಈ ಸಡಿಲಿಕೆ ಕ್ಯೂಬಾದ ಹುಡುಗಿಗೆ ಯಾಕೆ ಸಲ್ಲದು ಎಂದು ಕೇಳಿದೆ. ಉತ್ತರ ಇವತ್ತಿನವರೆಗೂ ಬಂದಿಲ್ಲ.

ಚಳಿಗಾಲದ ಕೊನೆಯಲ್ಲಿ ಹುಡುಗಿಗೆ ಹದಿನೆಂಟು ತುಂಬಿತು. ತಾಯಿ ವಿಡಿಯೊ ಕರೆ ಮಾಡಿ, ನಾನೂ ಹಾರೈಸಲೆಂದು ಫೋನನ್ನು ಗೋಡೆಯ ಮೇಲೆ ನಿಲ್ಲಿಸಿ ಹಿಂದೆ ಸರಿದಳು. ಹುಡುಗಿ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಪದ ಪದ ಜೋಡಿಸಿ, ಮಾಯಾಬೆಕೆ ಎಂದು ಬರೆದವರು ನೀವೇನಾ ಎಂದಳು. ಹೌದು ಎಂದೆ.

"ನಾನು ಮಾಯಾಬೆಕೆಯವಳೇ," ಎಂದಳು. "ನೀವು ಸುಳ್ಳು ಬರೆಯಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಮುದ್ರೆಯ ಪತ್ರ ತಲುಪಿದ್ದು ಅದಾಗಿ ಐದು ವಾರಕ್ಕೆ. ಮೂರನೆಯ ಅರ್ಜಿಗೆ ಮಾತ್ರ ಉತ್ತರ ಬೇಗ ಬಂತು. ಜನ್ಮಸ್ಥಳದ ಬಗ್ಗೆ ಈಗ ಆಕ್ಷೇಪಣೆ ಇಲ್ಲ. ಆದರೆ ಅರ್ಜಿ ಸ್ವೀಕರಿಸಿದ ದಿನ ಅರ್ಜಿದಾರಳಿಗೆ ಹದಿನೆಂಟು ತುಂಬಿದ್ದರಿಂದ ತಿರಸ್ಕರಿಸಲಾಗಿದೆ. ಮೊದಲೆರಡು ಸಲ ಸ್ವೀಕರಿಸಿ, ಓದಿ, ಮುದ್ರೆ ಒತ್ತಿ, ವಾರಗಟ್ಟಲೆ ಇಟ್ಟುಕೊಂಡದ್ದನ್ನು ಅವರು ಸ್ವೀಕಾರವೆಂದು ಎಣಿಸಲಿಲ್ಲ.

ನಾನು ಕ್ಷಮೆ ಕೇಳಿದೆ. ತಾಯಿ ಒಣಗಿದ ಬಟ್ಟೆ ಮಡಿಸುತ್ತಲೇ ಹೇಳಿದಳು:

"ನೀನು ಒಂದು ಪದ ಬರೆದೆ. ಅವರು ಒಂದು ವರ್ಷ ತೆಗೆದುಕೊಂಡರು. ಎರಡನ್ನೂ ಒಂದೇ ಎಂದು ನನಗೆ ಹೇಳಬೇಡ."

ಅವಳ ಈ ಔದಾರ್ಯವನ್ನು ನಾನು ನನ್ನ ಬಿಡುಗಡೆ ಎಂದು ತಿಳಿದಿಲ್ಲ. ನನ್ನ ಪಾಲಿನ ತಪ್ಪನ್ನು ಇಲ್ಲಿ ಬರೆದು ಒಪ್ಪಿಕೊಂಡಿದ್ದೇನೆ. ಕಚೇರಿಯವರೇ, ನಿಮ್ಮ ಪಾಲಿನದನ್ನು ನೀವು ಒಪ್ಪಿಕೊಳ್ಳಬೇಕು.

ಆದ್ದರಿಂದ ಆ ಕಚೇರಿಯ ಮುಖ್ಯಸ್ಥರಿಗೂ, ಅದರ ಹೊಣೆ ಹೊತ್ತ ಸಚಿವರಿಗೂ ಹೇಳುತ್ತಿದ್ದೇನೆ. ಆ ಕಡತವನ್ನು ಮತ್ತೆ ತೆರೆಯಿರಿ. ಮೊದಲ ಅರ್ಜಿಯ ಮೊದಲ ಹಾಳೆಯ ಮೇಲೆ ನೀವೇ ಒತ್ತಿದ ತಾರೀಖಿನ ಮುದ್ರೆಯಿದೆ. ಆ ದಿನ ಅವಳಿಗೆ ಹದಿನೇಳು. ಆ ವಯಸ್ಸನ್ನೇ ಹಿಡಿದು ಅವಳಿಗೆ ತಾಯಿಯ ಬಳಿಗೆ ಬರುವ ವೀಸಾ ಕೊಡಿ. ಕೊಡುವ ಪತ್ರದ ಕೆಳಗೆ, ಸಹಿ ಮಾಡುವವರ ಪೂರ್ತಿ ಹೆಸರು ಬರೆಯಿರಿ.