ಬಸ್ಸು ತಿರುಗದ ಊರು

ಕಲಘಟಗಿಯ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್ ಆಗಿದ್ದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಬಿಡಬೇಕು, ಯಾವ ಊರಿಗೆ ದಿನಕ್ಕೆ ಎಷ್ಟು ಸಲ ಹೋಗಬೇಕು, ಎಲ್ಲಿಂದ ತಿರುಗಿ ಬರಬೇಕು, ಇದನ್ನೆಲ್ಲ ತೀರ್ಮಾನಿಸುವವರು ನಾವು ಮೂವರು. ಡಿಪೋ ಸಾಹೇಬರು, ನಾನು, ಮತ್ತೆ ಹೊಸ ಚಾಲಕರಿಗೆ ರಸ್ತೆ ತೋರಿಸಿಕೊಡುವ ಒಬ್ಬ ಹಿರಿಯ ಚಾಲಕರು. ಪ್ರತಿ ಸೋಮವಾರ ಸಾಹೇಬರ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಅದಕ್ಕೆ 'ತಜ್ಞರ ಸಭೆ' ಎಂದು ಸಾಹೇಬರೇ ಹೆಸರಿಟ್ಟಿದ್ದರು. ನಾವಿಬ್ಬರೂ ಆ ಹೆಸರನ್ನು ನಾಚಿಕೆಯಿಲ್ಲದೆ ಒಪ್ಪಿಕೊಂಡಿದ್ದೆವು.

ಆ ಸಭೆಯಲ್ಲಿ ಹೊಸದೊಂದು ಹುಟ್ಟಿದ್ದು ನನಗೆ ನೆನಪಿಲ್ಲ. ಯಾರಾದರೂ ಏನಾದರೂ ಕೇಳಿದರೆ ಅದು ಯಾಕೆ ಆಗುವುದಿಲ್ಲ ಎಂದು ಹೇಳುವುದೇ ನಮ್ಮ ವಿದ್ಯೆ. ಸಾಹೇಬರು ನಿಯಮ ಹೇಳುತ್ತಿದ್ದರು, ಹಿರಿಯ ಚಾಲಕರು ರಸ್ತೆಯ ಕಥೆ ಹೇಳುತ್ತಿದ್ದರು, ನಾನು ಕಡತ ತೆಗೆಯುತ್ತಿದ್ದೆ. ಮೂರು ಕಾರಣ ಕೂಡಿಬಂದ ಮೇಲೆ ಹೊಟ್ಟೆ ತುಂಬ ಉಂಡೆದ್ದವರ ಹಾಗೆ ಕುರ್ಚಿಗೆ ಒರಗುತ್ತಿದ್ದೆವು.

ದೇವಿಕೊಪ್ಪದಿಂದ ಕಾಡಿನ ಮಗ್ಗುಲಿಗೆ ಮೂರು ಕಿಲೋಮೀಟರ್ ಒಳಗೆ ಒಂದು ಸಣ್ಣ ಊರಿದೆ. ಹೆಸರು ಬೇಡ. ಅಲ್ಲಿಂದ ಹತ್ತು ಹನ್ನೆರಡು ಹುಡುಗಿಯರು ಕಲಘಟಗಿಯ ಹೈಸ್ಕೂಲಿಗೆ, ಕಾಲೇಜಿಗೆ ಬರುತ್ತಿದ್ದರು. ನಮ್ಮ ಬೆಳಗಿನ ಬಸ್ಸು ದೇವಿಕೊಪ್ಪದಿಂದಲೇ ತಿರುಗುತ್ತಿತ್ತು. ಹುಡುಗಿಯರು ಅಲ್ಲಿಯವರೆಗೆ ನಡೆದು ಬರಬೇಕು, ಇಲ್ಲವೇ ಯಾರದಾದರೂ ಟ್ರ್ಯಾಕ್ಟರ್ ಹತ್ತಬೇಕು. ಬರುವಷ್ಟರಲ್ಲಿ ಬಸ್ಸು ತುಂಬಿ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಪ್ರತಿ ವರ್ಷ ಶಾಲೆ ಶುರುವಾದ ಕೂಡಲೇ ಆ ಊರಿನವರು ಅರ್ಜಿ ಹಿಡಿದು ಬರುತ್ತಿದ್ದರು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ವರ್ಷ ಬಂದ ಹಿರಿಯರೊಬ್ಬರು, "ಟಿಕೀಟ್ ಫ್ರೀ ಮಾಡೀರಿ, ಚಲೋ ಆತು. ಬಸ್ಸ ಒಂದ ಕಳಸಬೇಕಾಗಿತ್ತು ನೋಡ್ರಿ," ಎಂದರು. ನಾನು ನಗಲಿಲ್ಲ. ಅರ್ಜಿ ತೆಗೆದುಕೊಂಡು ಅದೇ ಉತ್ತರ ಬರೆದೆ: 'ಸದರಿ ಗ್ರಾಮದಲ್ಲಿ ಬಸ್ಸು ತಿರುಗಲು ಸ್ಥಳಾವಕಾಶ ಇಲ್ಲದ ಕಾರಣ ಬೇಡಿಕೆಯನ್ನು ಪರಿಗಣಿಸಲು ಬರುವುದಿಲ್ಲ.' ಆ ವಾಕ್ಯ ನನಗೆ ಬಾಯಿಪಾಠವಾಗಿತ್ತು. ಅದರ ಮೇಲೆ ಪ್ರೀತಿಯೂ ಇತ್ತು ಎಂದರೆ ಸುಳ್ಳಲ್ಲ.

ಯಾಕೆಂದರೆ ಆ ಮಾತನ್ನು ಮೊದಲು ಕಂಡುಹಿಡಿದವನು ನಾನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೇಪು ಹಿಡಿದುಕೊಂಡು ಆ ಊರಿಗೆ ಹೋಗಿದ್ದೆ. ಊರ ಬಾಯಲ್ಲಿ ದೊಡ್ಡದೊಂದು ಹುಣಸೆಮರ, ಅದರ ಬಾಜು ಕಟ್ಟೆಯಿಲ್ಲದ ಬಾವಿ, ಎದುರಿಗೆ ಕಲ್ಲಿನ ಗೋಡೆ. ಬಿಸಿಲಲ್ಲಿ ನಿಂತು ಅಳೆದೆ, ಹಾಳೆಯ ಮೇಲೆ ನಕ್ಷೆ ಬರೆದೆ. ಬಸ್ಸು ತಿರುಗುವ ಹಾಗಿರಲಿಲ್ಲ, ಅದು ನಿಜ. ಅವತ್ತಿನ ಸಾಹೇಬರು ಬೆನ್ನು ತಟ್ಟಿ, "ಭಾಳ ಶ್ಯಾಣ್ಯಾ ಇದ್ದಿ," ಅಂದರು. ಆ ಶ್ಯಾಣ್ಯಾತನವನ್ನೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಡತದಲ್ಲಿಟ್ಟು ಪೂಜೆ ಮಾಡಿದೆ. ಆಮೇಲೆ ಆ ಊರಿಗೆ ಒಮ್ಮೆಯೂ ಹೋಗಲಿಲ್ಲ. ಗೊತ್ತಿದ್ದ ಊರಿಗೆ ಹೋಗುವುದೇನು ಎಂಬ ಧಿಮಾಕು.

ಹೀಗಿದ್ದಾಗ ನಮ್ಮಲ್ಲಿಗೆ ಹೊಸದಾಗಿ ಒಬ್ಬ ಹೆಣ್ಣುಮಗಳು ಕಂಡಕ್ಟರ್ ಆಗಿ ಬಂದಳು. ಬಮ್ಮಿಗಟ್ಟಿಯವಳು, ಕುರಿ ಸಾಕುವ ಮನೆತನ. ಮಾತು ಕಡಿಮೆ, ಆಡಿದರೆ ನೆಟ್ಟಗೆ. ಅವಳ ಅಕ್ಕನನ್ನು ನಾನು ಹೇಳಿದ ಆ ಊರಿಗೇ ಕೊಟ್ಟಿದ್ದರು. ಒಂದು ಸೋಮವಾರ ನಮ್ಮ ಸಭೆ ನಡೆದಾಗ ಏನೋ ಕಾಗದಕ್ಕೆ ಸಹಿ ಬೇಕೆಂದು ಒಳಗೆ ಬಂದವಳು, ಸಹಿಯಾದ ಮೇಲೂ ನಿಂತೇ ಇದ್ದಳು.

"ಸರ್, ದೇವಿಕೊಪ್ಪದ ಬಸ್ಸು ನಮ್ಮ ಅಕ್ಕನ ಊರತನಕ ಯಾಕ ಹೋಗೂದಿಲ್ರಿ?"

"ಅಲ್ಲಿ ಬಸ್ ತಿರುಗೂದಿಲ್ಲವಾ," ಎಂದೆ.

"ತಿರುಗತೈತ್ರಿ."

ಹಿರಿಯ ಚಾಲಕರು ಚಹಾದ ಕಪ್ಪು ಕೆಳಗಿಟ್ಟು ನಕ್ಕರು. "ನೀ ನೌಕರಿಗೆ ಬಂದು ಎಷ್ಟ ದಿನಾ ಆತು ತಂಗಿ?"

"ಎಂಟ ತಿಂಗಳಾತ್ರಿ."

"ನಾ ಸ್ಟೇರಿಂಗ್ ಹಿಡದು ಮೂವತ್ತ ವರ್ಷಾತು. ಈ ತಾಲೂಕಿನ್ಯಾಗ ಬಸ್ ಎಲ್ಲಿ ತಿರುಗತೈತಿ, ಎಲ್ಲಿ ತಿರುಗೂದಿಲ್ಲ, ಕಣ್ಣ ಮುಚ್ಚಿ ಹೇಳ್ತೀನಿ."

"ಕಣ್ಣ ತಗದು ನೋಡಬೇಕ್ರಿ ಕಾಕಾ," ಎಂದಳು. ಕೊಂಕಿಲ್ಲ, ಸಿಟ್ಟಿಲ್ಲ, ಸುಮ್ಮನೆ ಹೇಳಿದಳು.

ನನಗೆ ಮೈ ಉರಿಯಿತು. ಎದ್ದು ಹೋಗಿ ಕಪಾಟಿನಿಂದ ಕಡತ ತಂದು, ನನ್ನ ಹಳೆಯ ನಕ್ಷೆಯನ್ನು ಅವಳ ಮುಂದೆ ಬಿಚ್ಚಿದೆ. ಅವಳು ಬಗ್ಗಿ ನೋಡಿದಳು.

"ಈ ಹುಣಸಿಮರ ಈಗಿಲ್ರಿ. ಬಿದ್ದು ಭಾಳ ವರ್ಷಾತು."

"ಬಾವಿ ಐತೆಲ್ಲ?"

"ಬಾವಿ ಮುಚ್ಯಾರ್ರಿ. ಮ್ಯಾಲೆ ಕಾಂಕ್ರೀಟ್ ಹಾಕ್ಯಾರ."

ನೆಟ್ಟಗೆ ಬುದ್ಧಿಯಿದ್ದವರು ಯಾರೇ ಆಗಿದ್ದರೂ, ನಡಿ ನೋಡಿ ಬರೂಣು ಎನ್ನುತ್ತಿದ್ದರು. ಅರ್ಧ ತಾಸಿನ ದಾರಿ. ಬಾಗಿಲ ಹೊರಗೆ ಡಿಪೋದ ಜೀಪೇ ನಿಂತಿತ್ತು. ನಾವೇನು ಮಾಡಿದೆವು? ಹಿರಿಯ ಚಾಲಕರು, "ಮಳಿಗಾಲದಾಗ ಅಲ್ಲಿ ಮಣ್ಣ ಕುಸೀತೈತಿ," ಎಂದರು. ಸಾಹೇಬರು, "ಮಾರ್ಗ ಬದಲಿಗೆ ಮ್ಯಾಲಿನವರ ಮಂಜೂರಿ ಬೇಕು," ಎಂದರು. ನಾನು, "ಹಂಗ ಹೋದ್ರ ಮುಂದಿನ ಟ್ರಿಪ್ಪಿನ ಟೈಮ್ ಕೆಡತೈತಿ," ಎಂದೆ. ಒಂದು ಕಾರಣ ಹೋದ ಜಾಗಕ್ಕೆ ಮೂರು ಬಂದವು. ಅವಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, "ಆತ್ರಿ," ಎಂದು ಹೊರಗೆ ಹೋದಳು. ಬಾಗಿಲು ಮುಚ್ಚಿದ ಮೇಲೆ ಸಾಹೇಬರು, "ಈಗಿನ ಹುಡುಗ್ಯಾರಿಗೆ ಎರಡ ದಿನದಾಗ ಎಲ್ಲಾ ಗೊತ್ತಾಕ್ಕೈತಿ," ಎಂದರು. ನಾವು ನಕ್ಕೆವು. ಈಗ ಆ ನಗು ನೆನಪಾದರೆ ನನ್ನ ಹಲ್ಲುಗಳ ಮೇಲೇ ನನಗೆ ಅಸಹ್ಯ.

ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಶುರುವಾಯಿತು. ಮೊದಲ ದಿನವೇ ಬೆಳಗಿನ ದೇವಿಕೊಪ್ಪದ ಬಸ್ಸಿಗೆ ಅವಳೇ ಕಂಡಕ್ಟರ್. ದಿನಾ ಹೋಗುವ ಚಾಲಕ ರಜೆಯಲ್ಲಿದ್ದ. ಬದಲಿಗೆ ನವಲಗುಂದದ ಕಡೆಯಿಂದ ವರ್ಗವಾಗಿ ಬಂದು ಒಂದು ವಾರವೂ ಆಗದ ಚಾಲಕನನ್ನು ಕಳಿಸಿದ್ದೆ. ಬಸ್ಸು ದೇವಿಕೊಪ್ಪ ಮುಟ್ಟಿದಾಗ ಅವಳಿಗೆ ಅಕ್ಕನ ಫೋನು ಬಂತು. ಪರೀಕ್ಷೆಗೆ ಹೊರಟ ನಾಲ್ಕು ಹುಡುಗಿಯರು ಹತ್ತಿದ ಟ್ರ್ಯಾಕ್ಟರ್ ಊರ ಬಾಯಲ್ಲೇ ಕೆಟ್ಟು ನಿಂತಿದೆ, ನಡೆದರೆ ಮುಟ್ಟುವುದಿಲ್ಲ, ಹುಡುಗಿಯರು ಅಳುತ್ತಿದ್ದಾರೆ.

ಮುಂದೆ ನಡೆದದ್ದನ್ನು ಚಾಲಕ ಆಮೇಲೆ ನನಗೆ ಹೇಳಿದ. ಅವಳು ಅವನ ಹತ್ತಿರ ಹೋಗಿ, "ಅಣ್ಣಾ, ಮೂರ ಕಿಲೋಮೀಟರ್ ಒಳಗ ಹೋಗಿ ಬರೂಣೇನ್ರಿ? ಪರೀಕ್ಷಾದ ಹುಡುಗ್ಯಾರ ಅದಾರ," ಎಂದಳಂತೆ. ಅವನು, "ಅಲ್ಲಿ ಬಸ್ ತಿರುಗತೈತೇನವಾ?" ಎಂದು ಕೇಳಿದ. "ತಿರುಗತೈತ್ರಿ." "ಹಂಗಾರ ನಡೀ ಹೋಗೂಣು." ಅಷ್ಟೇ. ನಮ್ಮ ತಜ್ಞರ ಸಭೆ ಇಷ್ಟು ವರ್ಷ ಹೊತ್ತು ತಿರುಗಿದ ಪ್ರಶ್ನೆ ಅವರಿಬ್ಬರ ನಡುವೆ ಒಂದು ನಿಮಿಷದಲ್ಲಿ ಮುಗಿದಿತ್ತು. ಆ ಚಾಲಕನಿಗೆ ಈ ತಾಲೂಕಿನ ರಸ್ತೆಯ ಬಗ್ಗೆ ಏನೂ ಗೊತ್ತಿರಲಿಲ್ಲ. ಅದು ಆಗದ ಕೆಲಸ ಎಂಬುದೂ ಗೊತ್ತಿರಲಿಲ್ಲ, ಹಾಗಾಗಿ ಮಾಡಿದ. ಬಸ್ಸು ಊರ ಬಾಯಲ್ಲಿ ಒಂದೇ ಸುತ್ತಿಗೆ ತಿರುಗಿತು. ಹುಡುಗಿಯರು ಹೊತ್ತಿಗೆ ಸರಿಯಾಗಿ ಪರೀಕ್ಷೆ ಬರೆದರು.

ಬಸ್ಸು ನಿಲ್ದಾಣಕ್ಕೆ ಹದಿನೈದು ನಿಮಿಷ ತಡವಾಗಿ ಬಂತು. ಮಾರನೆಯ ದಿನ ಇಬ್ಬರಿಗೂ ಮೆಮೊ ಹೋಯಿತು: ಅನುಮತಿಯಿಲ್ಲದೆ ಮಾರ್ಗ ಬಿಟ್ಟು ಹೋದದ್ದಕ್ಕೆ ವಿವರಣೆ ಕೊಡಬೇಕು. ಬರೆದವನು ನಾನು. ಬಹಳ ಚೆನ್ನಾಗಿ ಬರೆದಿದ್ದೆ, ಒಂದು ಅಕ್ಷರ ತಪ್ಪಿರಲಿಲ್ಲ.

ವಿಚಾರಣೆ ಅದೇ ಕೋಣೆಯಲ್ಲಿ ನಡೆಯಿತು. ಸಾಹೇಬರು ಚಾಲಕನನ್ನು ಕೇಳಿದರು:

"ಬಸ್ ಎಲ್ಲಿ ತಿರುಗಿಸಿದಿ?"

"ಊರ ಬಾಯಾಗ್ರಿ."

"ಅಲ್ಲಿ ತಿರುಗೂದಿಲ್ಲ."

"ತಿರುಗೇತ್ರಿ ಸಾಹೇಬ್ರ."

"ತಿರುಗಾಕ ಜಾಗಾನ ಇಲ್ಲ ಅಂತ ಕಡತದಾಗ ಐತಿ!"

ಚಾಲಕ ಪಾಪ, ಅವಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು, ನಗು ತಡೆಯುತ್ತಿದ್ದಳೋ ಏನೋ. ಹಿರಿಯ ಚಾಲಕರು ಮಧ್ಯೆ ಬಾಯಿ ಹಾಕಿ, "ರಿವರ್ಸ್ ತಗೊಂಡಿರತಾನ್ರಿ. ಅದು ಇನ್ನೂ ದೊಡ್ಡ ತಪ್ಪು," ಎಂದರು. ರಿವರ್ಸ್ ತೆಗೆದುಕೊಂಡಿಲ್ಲ ಎಂದು ಚಾಲಕ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಬಸ್ಸು ಹೋಗಿ ಬಂದಿತ್ತು, ನಲವತ್ತು ಜನ ಅದರೊಳಗೆ ಕೂತಿದ್ದರು. ಆದರೂ ಅದು ಹೋಗಿರಲಿಕ್ಕೆ ಸಾಧ್ಯವಿಲ್ಲ ಎಂದು ನಾವು ಮೂವರು ಗಂಡಸರು ಒಂದು ತಾಸು ವಾದ ಮಾಡಿದೆವು. ಇಂಥ ಮೂರ್ಖತನಕ್ಕೆ ಓದು ಬರದವರು ಸಾಲುವುದಿಲ್ಲ, ಅನುಭವಸ್ಥರೇ ಬೇಕು.

ವಿಚಾರಣೆಯ ವರದಿಗೆ ಸ್ಥಳ ಪರಿಶೀಲನೆ ಬೇಕೆಂದು ನಿಯಮವಿತ್ತು. ಹಾಗಾಗಿ ಕೊನೆಗೂ ಜೀಪು ಹೊರಟಿತು. ನಾನು ಟೇಪು, ಹಳೆಯ ನಕ್ಷೆ ಎರಡನ್ನೂ ಇಟ್ಟುಕೊಂಡಿದ್ದೆ. ಊರ ಬಾಯಲ್ಲಿ ಇಳಿದು ನೋಡುತ್ತೇನೆ, ಬಟಾಬಯಲು. ಮರವಿಲ್ಲ, ಬಾವಿಯಿಲ್ಲ, ಕಲ್ಲಿನ ಗೋಡೆಯೂ ಇಲ್ಲ. ಅದೇ ಹೊತ್ತಿಗೆ ಕಬ್ಬು ಹೇರಿಕೊಂಡ ಲಾರಿಯೊಂದು ಹೊಲದ ಕಡೆಯಿಂದ ಬಂದು, ನಮ್ಮ ಕಣ್ಣೆದುರಿಗೇ ಅಗದಿ ಆರಾಮಾಗಿ ಸುತ್ತು ಹೊಡೆದು ದೇವಿಕೊಪ್ಪದ ದಾರಿ ಹಿಡಿಯಿತು. ಬಸ್ಸಿಗಿಂತ ಉದ್ದದ ಲಾರಿ. ಸುಗ್ಗಿಯುದ್ದಕ್ಕೂ ಹೀಗೆ ತಿರುಗುತ್ತವೆ ಎಂದು ಗೊತ್ತಾಯಿತು.

ಅಷ್ಟಾದರೂ ನಾನು ಟೇಪು ಬಿಚ್ಚಿದೆ. ಒಂದು ತುದಿ ಹಿರಿಯ ಚಾಲಕರಿಗೆ ಕೊಟ್ಟು ಅಳೆಯತೊಡಗಿದೆ. ಸಾಹೇಬರು ಬರೆದುಕೊಂಡರು. ಅಲ್ಲೇ ಮನೆಯ ಮುಂದೆ ಮೆಣಸಿನಕಾಯಿ ಹರವುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ನೋಡಿ ನೋಡಿ ಸಾಕಾಗಿ ಕೇಳಿದಳು:

"ಏನ ಅಳ್ಯಾಕತ್ತೀರಿ ಯಪ್ಪಾ?"

"ಇಲ್ಲಿ ಬಸ್ ತಿರುಗತೈತೇನ ಅಂತ ನೋಡಾಕತ್ತೀವಬೇ," ಎಂದೆ.

"ಮೊನ್ನಿ ತಿರುಗಿ ಹೋತಲ್ಲೋ!"

ಮುದುಕಿ ನಮ್ಮನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿ, ಇವರ ತಲೆ ನೆಟ್ಟಗಿಲ್ಲ ಎನ್ನುವ ಹಾಗೆ ಮತ್ತೆ ಮೆಣಸಿನಕಾಯಿಯ ಕಡೆ ಬಗ್ಗಿದಳು. ವಾಪಸು ಬರುವಾಗ ಜೀಪಿನಲ್ಲಿ ದೇವಿಕೊಪ್ಪ ದಾಟಿದ ಮೇಲೆ ಹಿರಿಯ ಚಾಲಕರು ಕಿಟಕಿಯ ಹೊರಗೆ ನೋಡುತ್ತ, "ಟಯರ್ ಭಾಳ ಸವೀತಾವು ಬಿಡ್ರಿ ಅಲ್ಲಿ," ಎಂದರು. ನಾನು ಅವರ ಮುಖ ನೋಡಲಿಲ್ಲ. ನನ್ನ ತಲೆಯಲ್ಲೂ ಆಗ ಅಂಥದೇ ಒಂದು ಕಾರಣ ತಯಾರಾಗುತ್ತಿತ್ತು.

ನಮ್ಮ ಅಳತೆಯ ವರದಿ ನೋಡಿ ಮೇಲಿನವರು ಮಂಜೂರಿ ಕೊಟ್ಟರು, ಜೂನಿನಲ್ಲಿ ಆ ಊರಿಗೆ ಬಸ್ಸು ಶುರುವಾಯಿತು. ಆದೇಶದಲ್ಲಿ 'ತಜ್ಞರ ಸಭೆಯ ಖುದ್ದು ಪರಿಶೀಲನೆ ಹಾಗೂ ಶಿಫಾರಸಿನ ಮೇರೆಗೆ' ಎಂದಿತ್ತು. ಊರಿನವರು ಸಾಹೇಬರಿಗೆ ಶಾಲು ಹೊದಿಸಿದರು. ಸಾಹೇಬರು ಮೈಕು ಹಿಡಿದು, ಸಂಸ್ಥೆಯಲ್ಲಿ ಹೊಸ ವಿಚಾರಗಳಿಗೆ ಸದಾ ಬಾಗಿಲು ತೆರೆದಿರುತ್ತದೆ ಎಂದು ಭಾಷಣ ಮಾಡಿದರು. ಆ ಬಾಗಿಲಿನ ಒಳಗಿನ ಚಿಲಕ ಹಾಕುತ್ತಿದ್ದವನು ನಾನು, ಮುಂದಿನ ಸಾಲಿನಲ್ಲೇ ಕೂತಿದ್ದೆ. ಚಪ್ಪಾಳೆ ಹೊಡೆದೆ. ಅವಳು ಅವತ್ತು ಹುಬ್ಬಳ್ಳಿಯ ಬಸ್ಸಿನ ಮೇಲಿದ್ದಳು. ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮೆಮೊವನ್ನು ಹಿಂದಕ್ಕೆ ಪಡೆಯಲಿಲ್ಲ. ಬಸ್ಸು ಸರಿ, ಆದರೆ ಕೇಳದೆ ಹೋದದ್ದು ತಪ್ಪು ಎಂದು ಇಬ್ಬರಿಗೂ ಎಚ್ಚರಿಕೆ ಕೊಟ್ಟು ಕಡತ ಮುಚ್ಚಿದೆವು. ಆಗ ನಾನು ತಕರಾರು ಎತ್ತಬಹುದಿತ್ತು. ನಿವೃತ್ತಿಗೆ ಒಂದೇ ವರ್ಷವಿತ್ತು, ಯಾಕೆ ಬೇಕು ಎಂದು ಸುಮ್ಮನಾದೆ. ನನ್ನ ಮೇಲೆ ನನಗೆ ಹೆಚ್ಚು ಹೇಸಿಗೆಯಾಗುವುದು ಆ ಸುಮ್ಮನಿದ್ದುದಕ್ಕೇ, ನಕ್ಷೆಗಲ್ಲ.

ನಿವೃತ್ತನಾದ ಮೇಲೆ ಈಚೆಗೆ ಒಂದು ದಿನ, ನಿವೃತ್ತರಿಗೆ ಸಂಸ್ಥೆ ಕೊಡುವ ಪಾಸು ಕಿಸೆಯಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಹೊರಟಿದ್ದೆ. ಬಸ್ಸಿನಲ್ಲಿ ಅವಳೇ ಕಂಡಕ್ಟರ್. ಪಕ್ಕದ ಸೀಟು ಖಾಲಿಯಿತ್ತು, ಆದರೆ ಅವಳು ಕೂರಲಿಲ್ಲ. ಕಂಬ ಹಿಡಿದು ನಿಂತೇ ಮಾತಾಡಿಸಿದಳು. ಆರಾಮಿದ್ದೀರೇನ್ರಿ, ಮನ್ಯಾಗ ಎಲ್ಲಾರೂ ಹೆಂಗದಾರ ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ.

"ಅವತ್ತ ನಾವು ನಿನಗ ಮೆಮೊ ಕೊಡಬಾರದಾಗಿತ್ತವಾ. ತಪ್ಪಾತು."

ಅವಳು ಚೀಲವನ್ನು ಹೆಗಲಿಗೆ ಸರಿಯಾಗಿ ಏರಿಸಿಕೊಂಡಳು.

"ಮೆಮೊದ್ದೇನ ಬಿಡ್ರಿ. ಮೊದಲ ನಾ ಹೇಳಿ ಹೊರಗ ಬಂದಾಗ ಮೂರೂ ಮಂದಿ ಕುಂತ ನಕ್ರಿ ನೋಡ್ರಿ, ಬಾಗಲದ ಹೊರಗ ಕೇಳಸ್ತಿತ್ತು. ಅದು ಬ್ಯಾರೆ."

ಹಿಂದಿನ ಸೀಟಿನವರು ಚಿಲ್ಲರೆಗೆ ಕೂಗಿದರು. ಅವಳು ಚೀಲ ತಡವಿ ಅವರಿಗೆ ಕೊಟ್ಟು, ಮತ್ತೆ ನನ್ನ ಕಡೆ ತಿರುಗಿ ಕೈ ಚಾಚಿದಳು.

"ಪಾಸ್ ತೋರಸ್ರಿ ಸರ್."