ಶುಕ್ರವಾರದ ಸೀಗಡಿ, ಶುಕ್ರವಾರದ ಹಲೀಮ್

ಕಳೆದ ಶುಕ್ರವಾರ ನಾನು ಭರ್ಜರಿ ಉಪವಾಸ ಮಾಡಿದೆ. ಸೀಗಡಿ ಬಿರಿಯಾನಿ, ಮೀನಿನ ಫ್ರೈ, ಮೊಟ್ಟೆ ಮಸಾಲಾ, ಕೊನೆಗೆ ಸಿಹಿಗೆ ಡಬಲ್ ಕಾ ಮೀಠಾ.

ನಗಬೇಡಿ. ನಮ್ಮ ಕೆಥೊಲಿಕರಿಗೆ ಇದು ತಪಸ್ಸುಕಾಲ, ಈಸ್ಟರ್‌ಗೆ ಮುಂಚಿನ ನಲವತ್ತು ದಿನ. ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ವಾರವೆಂದು ಶುಕ್ರವಾರ ಮಾಂಸ ಮುಟ್ಟುವಂತಿಲ್ಲ. ಆದರೆ ಮೀನಿಗೆ ಅಡ್ಡಿಯಿಲ್ಲ. ಮೀನಿಗೆ ಇಲ್ಲದ ಅಡ್ಡಿ ಸೀಗಡಿಗೆ ಯಾಕೆ? ನಮ್ಮ ಬೀದರಿಗೆ ಸಮುದ್ರ ದೂರ ಇರಬಹುದು, ಸೀಗಡಿ ಸಿಗುವ ಹೈದರಾಬಾದ್ ದೂರವಿಲ್ಲವಲ್ಲ!

ಊಟ ನಮ್ಮ ಚರ್ಚ್ ಕಮಿಟಿಯ ಹಿರಿಯರೊಬ್ಬರ ಮನೆಯಲ್ಲಿ. (ಹೆಸರು ಬೇಡ. ಭಾನುವಾರ ಮುಖ ನೋಡಬೇಕು.) ಸಂಜೆ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ, ಹದಿನಾಲ್ಕು ಸಲ ಮೊಣಕಾಲೂರಿ ಎದ್ದು, ಹಸಿದು ಬಂದಿದ್ದೆವು. ನಾನು ಎರಡನೇ ಸಲ ಬಡಿಸಿಕೊಳ್ಳುವಾಗ ಹಿರಿಯರು ಮಾತು ತೆಗೆದರು.

“ಈ ಸಲ ಶುಭ ಶುಕ್ರವಾರದ ಅಂಬಲಿ ರತ್ನಮ್ಮನ ಕೈಲೆ ಬ್ಯಾಡ್ರಿ. ಹೋದ ಶುಕ್ರವಾರ ಆಕಿ ಮಟನ್ ಹಲೀಮ್ ತಿಂದಾಳ. ಮೈಲಿಗಿ ಆಗ್ಯಾಳ. ಆ ಕೈಲೆ ಮಾಡಿದ್ದು ಮಂದಿ ಹ್ಯಾಂಗ ಕುಡೀಬೇಕ್ರಿ?”

ನನ್ನ ಬಾಯಲ್ಲಿ ಸೀಗಡಿ ಇತ್ತು. ಅಗಿಯುತ್ತಲೇ ಇದ್ದೆ.

ರತ್ನಮ್ಮ ಠಾಣಾ ಕುಶನೂರಿನವರು. ಗಂಡ ತೀರಿಕೊಂಡ ಮೇಲೆ ಬೀದರಿಗೆ ಬಂದು ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಕಸ ಗುಡಿಸುತ್ತಾರೆ. ಶುಭ ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಇಡೀ ಚರ್ಚು ಕುಡಿಯುವ ಜೋಳದ ಅಂಬಲಿ ಅವರದೇ. ಹಿಂದಿನ ದಿನವೇ ಹಿಟ್ಟು ಹುಳಿಗಿಟ್ಟು, ಬೆಳಿಗ್ಗೆ ಒಬ್ಬರೇ ನಿಂತು ಕಾಯಿಸಿ, ಮಜ್ಜಿಗೆ ಬೆರೆಸಿ, ಬಿಸಿಲಲ್ಲಿ ಬಂದವರಿಗೆಲ್ಲ ಕೈಯಾರೆ ಕೊಡುತ್ತಾರೆ. ವರ್ಷವಿಡೀ ಅವರದು ಹಿಂದಿನ ಬೆಂಚು. ಆ ಒಂದು ದಿನ ಮಾತ್ರ ಕಮಿಟಿಯವರೂ ಅವರ ಮುಂದೆ ಲೋಟ ಹಿಡಿದು ಸಾಲಲ್ಲಿ ನಿಲ್ಲಬೇಕು. ಈಗ ಆ ಒಂದು ದಿನವನ್ನೂ ಕಿತ್ತುಕೊಂಡರು!

ಶನಿವಾರ ಅವರ ಮನೆಗೆ ಹೋದೆ. ಸುದ್ದಿ ಆಗಲೇ ಮುಟ್ಟಿತ್ತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಖಾಲಿದಾ ಬೀ ಇದ್ದಾರೆ. ಈ ವರ್ಷ ನಮ್ಮ ತಪಸ್ಸುಕಾಲ, ಅವರ ರಂಜಾನ್ ಜೊತೆಜೊತೆಗೇ ಬಂದಿವೆ. ಪಕ್ಕದಾಕೆಗೂ ಶುಕ್ರವಾರ ಉಪವಾಸ ಎಂದು ಖಾಲಿದಾಗೆ ಗೊತ್ತು. ಅವರ ಲೆಕ್ಕದಲ್ಲಿ ಉಪವಾಸ ಅಂದರೆ ಹಗಲೆಲ್ಲ ನೀರೂ ಇಲ್ಲ, ಹೊತ್ತು ಮುಳುಗಿದ ಮೇಲೆ ಮನೆಯಲ್ಲಿರುವುದರಲ್ಲಿ ಒಳ್ಳೆಯದು. ಹೀಗಾಗಿ ಒಂದು ಬಟ್ಟಲು ಮಟನ್ ಹಲೀಮ್, ಮೇಲೆ ತುಪ್ಪ, ಹುರಿದ ಉಳ್ಳಾಗಡ್ಡಿ. ನಮ್ಮಲ್ಲಿ ಹೊತ್ತು ಮುಳುಗಿದರೂ ಮಾಂಸ ಇಲ್ಲ ಅಂತ ಆ ತಾಯಿಗೆ ಹೇಗೆ ಗೊತ್ತಾಗಬೇಕು?

“ನೀವಾದರೂ ಹೇಳಬಹುದಿತ್ತಲ್ಲ ರತ್ನಮ್ಮ?”

“ಹ್ಯಾಂಗ ಹೇಳಲಿರಿ ಸರ್? ಆಗಷ್ಟೇ ಬಾಂಗ್ ಆಗಿತ್ತು. ಆಕಿ ಇನ್ನಾ ಒಂದ್ ಖಜೂರ್ ಸೈತ ಬಾಯಾಗ ಹಾಕ್ಕೊಂಡಿದ್ದಿಲ್ಲ. ‘ಅಕ್ಕಾ, ನಿಂದೂ ರೋಜಾ ಅದಲ್ಲ, ಪೈಲೇ ನೀ ತಿನ್ನು’ ಅಂದಳು. ಮುಂಜಾನಿಂದ ನೀರ್ ಮುಟ್ಟಲಾರದಾಕಿಗಿ ಬ್ಯಾಡ ಅನ್ನಾಕ ಬಾಯಿ ಬರಲಿಲ್ರಿ.”

ಆಕೆಯ ಎದುರೇ ನಿಂತು ತಿಂದರಂತೆ. ಅವರು ತಿಂದ ಮೇಲೆಯೇ ಖಾಲಿದಾ ತಮ್ಮ ಮನೆಗೆ ಹೋಗಿ ರೋಜಾ ಉಪವಾಸ ಬಿಟ್ಟರಂತೆ.

ಇದನ್ನು ಯಾರೂ ನೋಡಿರಲಿಲ್ಲ. ಹಲೀಮ್ ತಿಂದ ಎರಡೇ ದಿನಕ್ಕೆ, ಭಾನುವಾರ, ಮಹಿಳಾ ಸಂಘದಲ್ಲಿ ರತ್ನಮ್ಮ ತಾವೇ ಎದ್ದು ನಿಂತು “ತಪ್ಪಾಗ್ಯಾದ್ರಿ” ಅಂದರು. ಮುಚ್ಚಿಟ್ಟಿದ್ದರೆ ಅಂಬಲಿಯ ಪಾತ್ರೆ ಅವರ ಕೈಯಲ್ಲೇ ಇರುತ್ತಿತ್ತು. ಪ್ರಾಮಾಣಿಕತೆಗೆ ನಾವು ಕೊಟ್ಟ ಬಹುಮಾನ ನೋಡಿ!

ಹೊಟ್ಟೆ ಉರಿದದ್ದು ಆ ‘ಮೈಲಿಗಿ’ ಎಂಬ ಮಾತಿಗೆ. ನಮ್ಮ ಅಜ್ಜಂದಿರು ಬಾವಿಯ ಕಟ್ಟೆಯಲ್ಲಿ, ಗುಡಿಯ ಬಾಗಿಲಲ್ಲಿ ಅದನ್ನು ಕೇಳಿ ಕೇಳಿ ಸಾಕಾಗಿ ಚರ್ಚಿನ ಮೆಟ್ಟಿಲು ಹತ್ತಿದವರು. ಮೊಮ್ಮಕ್ಕಳು ನಾವು ಅದನ್ನೇ ಕರೆದು ತಂದು ನಮ್ಮ ಅಡುಗೆಮನೆಯಲ್ಲಿ ಕೂರಿಸಿದ್ದೇವೆ. ನಾನು ಪಾಠ ಮಾಡುವ ಭಾಲ್ಕಿಯ ಕಾಲೇಜಿನಲ್ಲಿ ಈ ಕಥೆ ಹೇಳಿದೆ. ಲಿಂಗಾಯತ ಸಹೋದ್ಯೋಗಿಯೊಬ್ಬರು ಚಹಾ ಕೆಳಗಿಟ್ಟು, “ನಿಮ್ಮಲ್ಲೂ ಮೈಲಿಗಿ ಅದ ಏನ್ರಿ ಸರ್?” ಅಂದರು.

ಹಿರಿಯರಿಗೆ ಫೋನ್ ಮಾಡಿ ಜಗಳ ತೆಗೆದೆ. ಅವರು ತಣ್ಣಗೆ, “ನಾ ಏನ್ ರೂಲ್ ಮುರದೀನ್ರಿ? ಮೀನು ಮಾಂಸ ಅಲ್ಲ. ನೀವೂ ಎರಡ್ ಸಲ ಹಾಕ್ಕೊಂಡ್ರಲ್ಲ?” ಅಂದರು.

ನಿಜ. ರೂಲ್ ಪ್ರಕಾರ ಅವರೂ ಶುದ್ಧ, ನಾನೂ ಶುದ್ಧ. ಹೊಟ್ಟೆ ಬಿರಿಯುವಷ್ಟು ತಿಂದು ತೇಗಿದವರು ಉಪವಾಸದವರು; ಪಕ್ಕದಾಕೆಯ ಮನಸ್ಸು ನೋಯಬಾರದೆಂದು ಒಂದು ಬಟ್ಟಲು ತಿಂದವರು ಪಾಪಿ. ನನಗೆ ಅವರ ಮೇಲಿನ ಸಿಟ್ಟಿಗಿಂತ, ಆ ದಿನ ತಟ್ಟೆ ಬಿಟ್ಟು ಏಳದ ನನ್ನ ಮೇಲಿನ ಸಿಟ್ಟೇ ಹೆಚ್ಚು.

“ಖಾಲಿದಾಗ ಮಾತ್ರ ಗೊತ್ತಾಗಬಾರ್ದ್ರಿ ಸರ್. ಆಕಿ ಭಾಳ ಮನಸಿಗಿ ಹಚ್ಕೋತಾಳ,” ಅಂದಿದ್ದಾರೆ ರತ್ನಮ್ಮ. (ಹಾಗಾಗಿ ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.) ಅಂಬಲಿ ಹೋದರೂ ಅವರ ಚಿಂತೆ ಪಕ್ಕದ ಮನೆಯದೇ.

ಫಾದರ್ ಔರಾದ್ ಕಡೆಯ ಹಳ್ಳಿಗಳ ಭೇಟಿಯಲ್ಲಿದ್ದಾರೆ. ಬಂದ ಕೂಡಲೇ ಕೇಳುವವನಿದ್ದೇನೆ. ಕಮಿಟಿಗೆ ಮಾತ್ರ ಅಷ್ಟು ಪುರುಸೊತ್ತಿಲ್ಲ. ಈ ಸಲದ ಅಂಬಲಿಯನ್ನು ಮದುವೆ ಬಿರಿಯಾನಿ ಮಾಡುವ ಕ್ಯಾಟರಿಂಗ್‌ನವರಿಗೆ ಒಪ್ಪಿಸಿಯೇ ಬಿಟ್ಟಿದೆ.

ಅಲ್ಲ ಹಿರಿಯರೇ, ಆ ಅಡುಗೆಯವರು ಹೋದ ಶುಕ್ರವಾರ ಏನು ತಿಂದರು ಅಂತ ಕೇಳಿದಿರಾ?