ತವರಿನ ಪೆಂಗ್ಬಾ

ಲೋಕ್ತಾಕ್ ಸರೋವರದ ದಂಡೆಯಲ್ಲಿ ಹುಟ್ಟಿ ಬೆಳೆದ ಇಬೆತೊಂಬಿಗೆ ಇಂಫಾಲದ ಗಂಡನ ಮನೆಯಲ್ಲಿ ಜಂಬಪಡಲು ಇದ್ದದ್ದು ಒಂದೇ. ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆದು ಉಣಿಸುವ ನಿಂಗೋಲ್ ಚಾಕೌಬಾ ಹಬ್ಬ ಮುಗಿಸಿ ಬಂದು ಓರಗಿತ್ತಿಯರ ಮುಂದೆ ಹೇಳುವಳು: "ನನ್ನ ತಮ್ಮ ಸರೋವರದ ಪೆಂಗ್ಬಾ ಮೀನನ್ನೇ ಹಿಡಿದು ಬಡಿಸ್ತಾನೆ. ನಿಮ್ಮ ಹಾಗೆ ಕೊಳದಲ್ಲಿ ಸಾಕಿದ ಮೀನಲ್ಲ."

ಸುಳ್ಳೆಂದು ಅವಳಿಗೆ ಗೊತ್ತಿತ್ತು. ನದಿಯಿಂದ ಸರೋವರಕ್ಕೆ ಏರಿ ಬರುತ್ತಿದ್ದ ಪೆಂಗ್ಬಾ, ಅಣೆಕಟ್ಟು ಬಂದ ಮೇಲೆ ತಮ್ಮ ಕುಂಜೋನ ಬಲೆಗೆ ಬಿದ್ದದ್ದೇ ಇಲ್ಲ. ಒಮ್ಮೆ ಹಬ್ಬದ ಮೀನುಸಂತೆಯಲ್ಲಿ ಅವನು ಸಾಕಿದ ಪೆಂಗ್ಬಾಕ್ಕೆ ಚೌಕಾಸಿ ಮಾಡುತ್ತಿದ್ದುದನ್ನು ಕಂಡು, ಮಗುವನ್ನು ಅವುಚಿಕೊಂಡು ಕಂಬದ ಮರೆಗೆ ಸರಿದಿದ್ದಳು. ಆ ವರ್ಷವೂ ಜಂಬ ನಿಲ್ಲಿಸಲಿಲ್ಲ.

ಆಮೇಲೆ ರಾಜ್ಯಕ್ಕೊಂದು ಲಾಂಛನದ ಮೀನು ಆರಿಸುವ ಮಾತು ಬಂತು. ಪೆಂಗ್ಬಾದ ಹೆಸರೇ ಎಲ್ಲರ ಬಾಯಲ್ಲಿ. ಅದರ ಸಮಿತಿಯಲ್ಲಿದ್ದ ಪಕ್ಕದ ಮನೆಯ ಇಬೊಚೌ ಮೇಷ್ಟ್ರು, ಚಿತ್ರಕ್ಕೆ ಸರೋವರದ್ದೇ ಒಂದು ಮೀನು ಬೇಕೆಂದು ಹುಡುಕುತ್ತಿದ್ದರು.

"ಇವಳ ತವರಲ್ಲಿ ವರ್ಷಾ ವರ್ಷ ಅದೇ ಅಲ್ವಾ?" ಎಂದರು ಅತ್ತೆ. "ಹಬ್ಬಕ್ಕೆ ಹೋಗುವಾಗ ಮೇಷ್ಟ್ರನ್ನೂ ಕರ್ಕೊಂಡು ಹೋಗೇ."

"ಸಿಕ್ಕಿದ್ರೆ ನಮಗೂ ತೋರಿಸಿ ಮೇಷ್ಟ್ರೇ, ಪುಣ್ಯ ಬರುತ್ತೆ," ಎಂದು ಓರಗಿತ್ತಿ ಕಿಸಕ್ಕನೆ ನಕ್ಕಳು.

ದಾರಿಯುದ್ದಕ್ಕೂ ಮೇಷ್ಟ್ರಿಗೆ ನಿಜ ಹೇಳಿಬಿಡೋಣ ಎಂದು ಇಬೆತೊಂಬಿಗೆ ಅನ್ನಿಸುತ್ತಿತ್ತು. ಮಗು ಅತ್ತಿತು, ಸಮಾಧಾನ ಮಾಡಿದಳು. ಮಲಗಿತು, ಎದ್ದೀತೆಂದು ಸುಮ್ಮನಾದಳು. ಊರೇ ಬಂದುಬಿಟ್ಟಿತು.

ಅಂಗಳದ ತೊಟ್ಟಿಯಲ್ಲಿ ಬೆಳ್ಳಿಯಂಥ ಪೆಂಗ್ಬಾ ಈಜುತ್ತಿತ್ತು. ಮೇಷ್ಟ್ರು ಕ್ಯಾಮೆರಾ ತೆಗೆದು ಮೊಣಕಾಲೂರಿ ಕೂತರು. "ಏನಯ್ಯಾ ಕುಂಜೋ, ಇದು ಸರೋವರದ್ದೇನಾ? ನಿಮ್ಮಕ್ಕ ವರ್ಷಾ ವರ್ಷ ಹೇಳ್ತಾಳೆ."

ಕುಂಜೋ ಅಕ್ಕನ ಮುಖ ನೋಡಿದ. ಅವಳ ಮುಖ ಬಿಳಿಚಿಕೊಂಡಿತ್ತು.

"ಹೂಂ ಮೇಷ್ಟ್ರೇ. ಬೆಳಿಗ್ಗೆ ಬಲೆಗೆ ಬಿತ್ತು."

"ಅಯ್ಯೋ ಪುಣ್ಯಾತ್ಮ! ಇನ್ನೂ ಉಳಿದಿದೆ ಹಾಗಾದ್ರೆ! ಸಭೆಯಲ್ಲಿ ನಿನ್ನ ಹೆಸರು ಹೇಳ್ತೀನಿ. ಸಿಕ್ಕಿದ ಜಾಗ ತೋರಿಸು, ದೋಣಿ ತೆಗಿ." ಹೇಳುವಾಗ ಮೇಷ್ಟ್ರ ಕಣ್ಣು ತೇವವಾಯಿತು.

ಕುಂಜೋ ಹುಟ್ಟುಗೋಲಿಗೆ ಕೈ ಹಾಕಿದ. ಇಲ್ಲದ ಜಾಗವನ್ನು ಎಲ್ಲಿಂದ ತಂದು ತೋರಿಸುತ್ತಾನೆ? ಇಬೆತೊಂಬಿ ಅವನಿಗೆ ಅಡ್ಡ ಬಂದು ನಿಂತಳು.

"ಅದು ಸಂತೆ ಮೀನು ಮೇಷ್ಟ್ರೇ," ಎಂದಳು. "ಯಾವತ್ತೂ ಸಂತೇದೇ. ಜಂಬ ಕೊಚ್ಚಿಕೊಂಡಿದ್ದು ನಾನು. ಅವನು ನನ್ನ ಮಾನ ಉಳಿಸೋಕೆ ಹೇಳಿದ."

ಮೇಷ್ಟ್ರು ಕೂತಲ್ಲಿಂದ ಎದ್ದರು. ಕ್ಯಾಮೆರಾ ಚೀಲಕ್ಕೆ ಹಾಕಿ, "ಸರೋವರ ನೋಡ್ಕೊಂಡು ಬರ್ತೀನಿ," ಎಂದು ಹೊರಟರು.

"ಯಾಕೆ ಬಾಯಿ ಬಿಟ್ಟೆ ಅಕ್ಕಾ?" ಎಂದ ಕುಂಜೋ. "ಇನ್ನು ಆ ಮನೇಲಿ ನಿನ್ನ ಮಾತು ಯಾರು ಕೇಳ್ತಾರೆ?"

"ಸಂತೇಲಿ ನಿನ್ನ ನೋಡಿದ್ದೆ ಕಣೋ. ಆದರೂ ನಿನ್ನ ಹೆಸರು ಹೇಳ್ಕೊಂಡು ತಿರುಗಿದೆ."

ಅವನು ತೊಟ್ಟಿಯ ಮೀನನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ. ಅಡುಗೆಯಾದ ಮೇಲೆ ಒಳ್ಳೆಯ ತುಂಡನ್ನೇ ಆರಿಸಿ ಅವಳ ಎಲೆಗೆ ಬಡಿಸಿದ. ಬಿಟ್ಟರೆ ನೊಂದುಕೊಂಡಾನೆಂದು ನುಂಗಿದಳು.

ಉಂಡ ಮೇಲೆ ತವರನ್ನು ಹರಸುವುದು ಹೆಣ್ಣುಮಕ್ಕಳ ಕೆಲಸ. ಕುಂಜೋ ಎದುರಿಗೆ ತಲೆಬಾಗಿ ಕೂತ. ಅವನ ತಲೆಯ ಮೇಲೆ ಕೈಯಿಡಲು ಹೋದವಳಿಗೆ, ಇಡುವ ಯೋಗ್ಯತೆ ತನಗಿದೆಯೇ ಅನ್ನಿಸಿ ಕೈ ಅಲ್ಲೇ ನಿಂತಿತು. ಅವನು ತಲೆ ಎತ್ತದೆ ಕಾಯುತ್ತಲೇ ಇದ್ದ.